ಕಾರಿನ ಬಾಗಿಲಿಗೆ ಮಿಡ್‌ಬಾಸ್ ಸ್ಪೀಕರ್: 6.5 ಇಂಚು ಸಾಕಾ, 8 ಇಂಚು ಬೇಕಾ?

8 ಇಂಚಿನದು ಹಾಕಿದರೆ ಡ್ರಮ್ಮಿನ ಏಟು ಜಾಸ್ತಿ ಕೇಳುತ್ತದಾ ಅಂತ ಕೇಳಿದ್ದೀರಿ. ಕೇಳಬಹುದು. ಆದರೆ ಮಿಡ್‌ಬಾಸ್ ಅಂದರೆ ಸುಮಾರು 80ರಿಂದ 300 ಹರ್ಟ್ಸ್‌ವರೆಗಿನ ತಗ್ಗು ಸದ್ದು ಅಷ್ಟೇ, ಅದಕ್ಕೆ ಒಳ್ಳೆಯ 6.5 ಇಂಚಿನದು ಸಾಮಾನ್ಯವಾಗಿ ಸಾಕು. 8 ಇಂಚಿನದು ಮೇಲಿನ ಸ್ವರಗಳನ್ನು ಅಗಲಕ್ಕೆ ಹರಡುವುದಿಲ್ಲ, ಹಾಗಾಗಿ ನಡುವಿನ ಸ್ವರಗಳಿಗೆ ಬೇರೆ ಮಿಡ್‌ರೇಂಜ್ ಸ್ಪೀಕರ್ ಬೇಕಾಗುತ್ತದೆ. ಸುಮ್ನೆ ಖರ್ಚು.

ನಿಜವಾದ ತೊಂದರೆ ಇರುವುದು ಬಾಗಿಲಲ್ಲಿ. ಸ್ಪೀಕರಿನ ಕೋನ್, ಅಂದರೆ ಅದುರುವ ಪರದೆಯ, ಹಿಂದಿನಿಂದ ಹೊರಡುವ ಸದ್ದು ಮುಂದಿನದಕ್ಕೆ ತದ್ವಿರುದ್ಧ. ಒಳತಗಡಿನ ದೊಡ್ಡ ತೂತುಗಳಿಂದ ಅದು ಮುಂದಕ್ಕೆ ಬಂದು ಸೇರಿದರೆ ಎರಡೂ ಒಂದನ್ನೊಂದು ಅಳಿಸುತ್ತವೆ, ಬಾಸ್ ಮಾಯ! ಆ ತೂತುಗಳನ್ನು ಮುಚ್ಚಿ, ಹೊರತಗಡಿನ ಒಳಮೈಗೆ ತಗಡಿನ ಅದುರುವಿಕೆ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸಿ. ಮಳೆನೀರು ಇಳಿದುಹೋಗುವ ಕೆಳಗಿನ ತೂತುಗಳನ್ನು ಮಾತ್ರ ಮುಟ್ಟಬೇಡಿ. ಸ್ಪೀಕರ್ ಗಟ್ಟಿ ರಿಂಗ್ ಮೇಲೆ ಅಲುಗದಂತೆ ಕೂರಬೇಕು.

ಕೊಳ್ಳುವ ಮುಂಚೆ ಗಾಜು ಪೂರ್ತಿ ಇಳಿಸಿ, ಸ್ಪೀಕರಿನ ಹಿಂದಿನ ಮ್ಯಾಗ್ನೆಟ್‌ಗೆ ಎಷ್ಟು ಆಳ ಸಿಗುತ್ತದೆ ಅಂತ ಅಳೆಯಿರಿ. ಇದನ್ನು ಮರೆಯುವವರೇ ಜಾಸ್ತಿ.

ಅತಿ ತಗ್ಗು ಬಾಸ್‌ಗೆಂದೇ ಇರುವ ಸಬ್‌ವೂಫರ್ ಇದ್ದರೆ, ಬಾಗಿಲಿನ ಸ್ಪೀಕರಿಗೆ ತಗ್ಗು ಸದ್ದು ಹೋಗದಂತೆ ತಡೆಯುವ ಹೈಪಾಸ್ ಫಿಲ್ಟರ್ 80 ಹರ್ಟ್ಸ್‌ಗೆ ಇಟ್ಟು ಶುರು ಮಾಡಿ. ಆಮೇಲೂ ಏಟು ಪೇಲವ ಅನ್ನಿಸಿದರೆ ಒಂದು ಕಡೆಯ ಸ್ಪೀಕರಿನ ಪ್ಲಸ್, ಮೈನಸ್ ವೈರ್ ಅದಲುಬದಲು ಮಾಡಿ ಕೇಳಿ. ಯಾವುದರಲ್ಲಿ ಬಾಸ್ ತುಂಬಿಕೊಂಡು ಬರುತ್ತದೋ ಹಾಗೇ ಬಿಡಿ.