ಹೆಡ್‌ಲೈಟ್‌ಗೆ ಜಾಸ್ತಿ ವಾಟ್ ಬಲ್ಬ್ ಹಾಕಿಸಲಾ?

ಪ್ರಶ್ನೆ: ನನ್ನ ಬೈಕ್‌ನಲ್ಲಿ 60/55 ವಾಟ್‌ನ (ಹೈ ಬೀಮ್ 60, ಲೋ ಬೀಮ್ 55) ಎಚ್4 ಹ್ಯಾಲೊಜೆನ್ ಬಲ್ಬ್ ಇದೆ. ರಾತ್ರಿ ರಸ್ತೆ ಸರಿಯಾಗಿ ಕಾಣುವುದಿಲ್ಲ. 100/90 ವಾಟ್‌ನದು ಹಾಕಿಸಲಾ, ಇಲ್ಲ ಎಲ್‌ಇಡಿನಾ?

ಉತ್ತರ: ಸುಮ್ನೆ ಬಲ್ಬ್ ಮಾತ್ರ ಬದಲಾಯಿಸಬೇಡಿ. 12 ವೋಲ್ಟ್‌ನಲ್ಲಿ 60 ವಾಟ್ ಬಲ್ಬ್ ಸುಮಾರು 5 ಆಂಪಿಯರ್ ಎಳೆಯುತ್ತದೆ, 100 ವಾಟ್‌ನದು 8ಕ್ಕೂ ಜಾಸ್ತಿ. ಬೈಕ್ ಜೊತೆ ಬಂದ ತೆಳು ವೈರು, ಹ್ಯಾಂಡಲ್ ಮೇಲಿನ ಸ್ವಿಚ್ಚು ಅಷ್ಟು ಹೊರೆಗೆ ಮಾಡಿದ್ದಲ್ಲ, ಬಿಸಿಯಾಗಿ ಹೋಲ್ಡರ್ ಕರಗಿಬಿಡಬಹುದು.

ಮೊದಲು ಈಗಿರುವ ಬಲ್ಬಿಗೆ ಪೂರ್ತಿ ವೋಲ್ಟೇಜ್ ಸಿಗುತ್ತಿದೆಯಾ ನೋಡಿ. ಎಂಜಿನ್ ಓಡುತ್ತಿರುವಾಗ ಲೈಟ್ ಹಾಕಿ, ಹೋಲ್ಡರ್ ಹತ್ತಿರ ಮಲ್ಟಿಮೀಟರ್ ಹಿಡಿದು ಅಳೆಯಿರಿ. ಬ್ಯಾಟರಿಗಿಂತ 1 ವೋಲ್ಟ್ ಕಡಿಮೆ ಬಂದರೂ ಹ್ಯಾಲೊಜೆನ್ ಬೆಳಕು ಹತ್ತಿರ ಹತ್ತಿರ ಕಾಲು ಭಾಗ ಕುಸಿಯುತ್ತದೆ. ಅಷ್ಟು ಕುಸಿತ ಇದ್ದರೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆಸಿ, ಮಧ್ಯೆ ಫ್ಯೂಸ್ ಮತ್ತು ರಿಲೇ (ಹ್ಯಾಂಡಲ್ ಸ್ವಿಚ್ಚಿನ ಸಣ್ಣ ಕರೆಂಟಿನಿಂದಲೇ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಹಾಕಿಸಿ. ಹಳೇ ಬಲ್ಬೇ ಬೇರೆ ಬಲ್ಬಿನ ಹಾಗೆ ಉರಿಯುತ್ತದೆ.

ಎಲ್‌ಇಡಿ ಕರೆಂಟ್ ಕಡಿಮೆ ತಿನ್ನುತ್ತದೆ, ನಿಜ. ಆದರೆ ನಿಮ್ಮ ರಿಫ್ಲೆಕ್ಟರ್ (ಹೆಡ್‌ಲೈಟ್ ಒಳಗಿನ ಹೊಳೆಯುವ ಬಟ್ಟಲು) ಮಾಡಿರುವುದು ಹ್ಯಾಲೊಜೆನ್ ತಂತಿ ಇರುವ ಜಾಗಕ್ಕೆ. ಬೆಳಕು ಬೇರೆ ಕಡೆಯಿಂದ ಬಂದರೆ ರಸ್ತೆಗಿಂತ ಎದುರಿನವರ ಕಣ್ಣಿಗೇ ಜಾಸ್ತಿ ಹೊಡೆಯುತ್ತದೆ, ಅದು ಅಪಾಯ ಅಲ್ವಾ? ನೀಲಿ ಬಣ್ಣದ ಬಲ್ಬಂತೂ ಬೇಡವೇ ಬೇಡ, ಆ ಬಣ್ಣವೇ ಬೆಳಕನ್ನು ತಡೆಯುತ್ತದೆ.