ಇಳಿಯುವ ಮುನ್ನ ‘ವಿಂಡ್ ಚೆಕ್’ ಕೇಳುವುದೇಕೆ, ಕೇಳಿ ಮಾಡುವುದೇನು

ನಮಸ್ಕಾರ. ನಮ್ಮ ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಗುಂಪಿನಲ್ಲಿ ಹರಿಹರದ ಸದಸ್ಯರೊಬ್ಬರು ಕಾಕ್‌ಪಿಟ್ ವಿಡಿಯೊವೊಂದನ್ನು ಹಾಕಿ ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ವಿಮಾನ ರನ್‌ವೇಯಿಂದ ಸಾವಿರ ಅಡಿ ಎತ್ತರಕ್ಕೆ ಇಳಿದಿದೆ. ಗಾಳಿಯ ವಿವರವನ್ನು ಪೈಲಟ್‌ಗಳು ಬಹಳ ಮೊದಲೇ ರೇಡಿಯೊದಲ್ಲಿ ಕೇಳಿ ಬರೆದಿಟ್ಟುಕೊಂಡಿದ್ದಾರೆ. ಎದುರಿನ ಪರದೆಯ ಮೂಲೆಯಲ್ಲಿ ಬಾಣದ ಗುರುತಿನೊಂದಿಗೆ ಗಾಳಿ ಕಾಣುತ್ತಲೂ ಇದೆ. ಹೀಗಿದ್ದೂ ನಿಲ್ದಾಣದ ನಿಯಂತ್ರಣ ಟವರಿಗೆ ‘ವಿಂಡ್ ಚೆಕ್’, ಅಂದರೆ ಈಗ ಗಾಳಿ ಹೇಗಿದೆ, ಎಂದು ಮತ್ತೆ ಕೇಳುವುದೇಕೆ ಎಂಬುದು ಅವರ ಅನುಮಾನ. ಅದು ಬರೀ ವಾಡಿಕೆ ಎಂದು ಇಬ್ಬರು ಉತ್ತರಿಸಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಬರೆದಿಟ್ಟುಕೊಂಡ ಗಾಳಿ, ಪರದೆಯ ಗಾಳಿ, ಟವರ್ ಹೇಳುವ ಗಾಳಿ ಇವು ಮೂರೂ ಬೇರೆ ಬೇರೆ. ಇಳಿಯುವುದೋ, ಮೇಲೆದ್ದು ಮತ್ತೊಂದು ಸುತ್ತು ಹಾಕುವುದೋ ಎಂದು ಆ ಕ್ಷಣದಲ್ಲಿ ನಿರ್ಧರಿಸುವುದಕ್ಕೆ ಮೂರನೆಯದು ಬೇಕಾಗುತ್ತದೆ.

ಮೊದಲನೆಯದು ಹಳತಾಗಿರುವ ಗಾಳಿ. ದೊಡ್ಡ ನಿಲ್ದಾಣಗಳಲ್ಲಿ ಎಟಿಐಎಸ್ ಎಂಬ ಧ್ವನಿಮುದ್ರಿತ ರೇಡಿಯೊ ಪ್ರಸಾರ ಇರುತ್ತದೆ, ಅದರ ಹಿಂದೆ ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಹೊರಡುವ ಮೆಟಾರ್ ಎಂಬ ಹವಾಮಾನ ವರದಿ ಇರುತ್ತದೆ. ಮೆಟಾರ್‌ನಲ್ಲಿ ಕೊಡುವ ಗಾಳಿ ಹತ್ತು ನಿಮಿಷಗಳ ಸರಾಸರಿ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲಿ ಕೆಲಸ ಮಾಡುವವರಿಗೆ ಈ ಹತ್ತು ನಿಮಿಷದ ಲೆಕ್ಕ ಹೊಸದೇನಲ್ಲ, ಅವರ ಕಂಪ್ಯೂಟರಿನಲ್ಲಿಯೂ ಗಾಳಿ ಹತ್ತು ನಿಮಿಷದ ಸರಾಸರಿಯಾಗಿಯೇ ದಾಖಲಾಗುತ್ತದೆ, ಮತ್ತು ಸರಾಸರಿಯ ಹೊಟ್ಟೆಯೊಳಗೆ ಎಷ್ಟು ಏರಿಳಿತ ಅಡಗಿರುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ, ಸರಾಸರಿಗಿಂತ ಕನಿಷ್ಠ 10 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಹೆಚ್ಚು ಬೀಸಿದರೆ ಮಾತ್ರ ‘ಗಸ್ಟ್’ ಎಂದು ವರದಿಯಲ್ಲಿ ಬೇರೆಯಾಗಿ ಬರೆಯುತ್ತಾರೆ. ಸರಾಸರಿ 12 ನಾಟ್ ಇದ್ದು ನಡುವೆ 21 ನಾಟ್ ಬೀಸಿದ್ದರೆ ಅದರ ಸುಳಿವೇ ಆ ಕಾಗದದಲ್ಲಿ ಸಿಗದೆ ಹೋಗಬಹುದು. ಬೆಳಿಗ್ಗೆ ಬೀಸಿದ ಗಾಳಿಯನ್ನು ನಂಬಿ ಸಂಜೆ ಯಾರೂ ಕಣದಲ್ಲಿ ರಾಶಿ ತೂರುವುದಿಲ್ಲ; ಪೈಲಟ್ಟಿನ ಲೆಕ್ಕವೂ ಅಷ್ಟೇ.

ಎರಡನೆಯದು ಪರದೆಯ ಗಾಳಿ. ಇದು ತಾಜಾ, ಆದರೆ ಜಾಗ ಬೇರೆ. ವಿಮಾನ ಗಾಳಿಯೊಳಗೆ ಸಾಗುತ್ತಿರುವ ವೇಗ ಮತ್ತು ದಿಕ್ಕನ್ನು, ನೆಲದ ಮೇಲೆ ಅದು ನಿಜವಾಗಿ ಸಾಗುತ್ತಿರುವ ವೇಗ ಮತ್ತು ದಿಕ್ಕಿನೊಂದಿಗೆ ಹೋಲಿಸಿ, ಎರಡರ ವ್ಯತ್ಯಾಸವನ್ನೇ ಕಂಪ್ಯೂಟರ್ ಗಾಳಿ ಎಂದು ತೋರಿಸುತ್ತದೆ. ಆದ್ದರಿಂದ ಅದು ವಿಮಾನ ಇರುವ ಎತ್ತರದ ಗಾಳಿ, ಚಕ್ರ ನೆಲ ಮುಟ್ಟುವ ಜಾಗದ ಗಾಳಿಯಲ್ಲ. ನಮ್ಮ ಭಾಗದಲ್ಲಿ ಮುಂಗಾರಿನಲ್ಲಿ ಈ ಅಂತರ ಚೆನ್ನಾಗಿ ಕಾಣುತ್ತದೆ. ಜುಲೈ ತಿಂಗಳಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದ ಗಾಳಿ 30 ನಾಟ್ ದಾಟಿ ಬೀಸುವುದು ಸಾಮಾನ್ಯ, ಅದೇ ಹೊತ್ತಿಗೆ ನೆಲದ ಹತ್ತಿರ ಅದರ ಅರ್ಧವೂ ಇಲ್ಲದಿರಬಹುದು. ಮರ, ಕಟ್ಟಡ, ಗುಡ್ಡಗಳ ತಡೆಯಿಂದ ವೇಗ ಕುಗ್ಗುವುದಷ್ಟೇ ಅಲ್ಲದೆ ದಿಕ್ಕೂ ತುಸು ಎಡಕ್ಕೆ ತಿರುಗುತ್ತದೆ; ಮೇಲೆ ನೇರ ಪಶ್ಚಿಮದಿಂದ ಬರುವ ಗಾಳಿ ಕೆಳಗೆ ನೈರುತ್ಯದ ಕಡೆಯಿಂದ ಬರುವಂತಾಗುತ್ತದೆ.

ಮೂರನೆಯದು ಟವರಿನವರು ಹೇಳುವ ಗಾಳಿ. ರನ್‌ವೇ ಪಕ್ಕದಲ್ಲಿ, ವಿಮಾನಗಳು ನೆಲ ಮುಟ್ಟುವ ಭಾಗದ ಹತ್ತಿರ, ಸುಮಾರು 10 ಮೀಟರ್ ಎತ್ತರದ ಕಂಬದ ಮೇಲೆ ಗಾಳಿಮಾಪಕ ಇರುತ್ತದೆ. ಅದರ ಎರಡು ನಿಮಿಷಗಳ ಸರಾಸರಿ ಕಂಟ್ರೋಲರ್ ಮೇಜಿನ ಮೇಲೆ ಕಾಣುತ್ತಿರುತ್ತದೆ. ಇಳಿಯಲು ಅನುಮತಿ ಕೊಡುವಾಗಲೇ ಅವರು ಇದನ್ನು ಹೇಳುತ್ತಾರೆ. ಅನುಮತಿ ಸಿಕ್ಕಿ ಎರಡು ಮೂರು ನಿಮಿಷ ಕಳೆದಿದ್ದು, ವಿಮಾನ ಅಲುಗಾಡತೊಡಗಿದ್ದರೆ ಅಥವಾ ಪರದೆಯ ಬಾಣ ಹಿಂದಿನಿಂದ ಬೀಸುವ ಗಾಳಿಯನ್ನು ತೋರಿಸುತ್ತಿದ್ದರೆ, ಆಗ ಎರಡೇ ಪದಗಳಲ್ಲಿ ಮತ್ತೆ ಕೇಳುತ್ತಾರೆ. ಹಿಂದೆ ಸರದಿಯಲ್ಲಿ ಬರುತ್ತಿರುವ ವಿಮಾನದವರೂ ಅದೇ ತರಂಗದಲ್ಲಿ ಉತ್ತರ ಕೇಳಿಸಿಕೊಳ್ಳುತ್ತಾರೆ ಎಂಬುದು ಪುಕ್ಕಟೆ ಲಾಭ.

ಇನ್ನು, ಕೇಳಿದ ಮೇಲೆ ಮಾಡುವುದೇನು ಎಂಬ ಮುಖ್ಯ ಭಾಗಕ್ಕೆ ಬರುತ್ತೇನೆ. ಹುಬ್ಬಳ್ಳಿಯ 26ನೇ ರನ್‌ವೇಯನ್ನು ತೆಗೆದುಕೊಳ್ಳಿ, ಅಂದರೆ ವಿಮಾನ ಸುಮಾರು 260 ಡಿಗ್ರಿ ದಿಕ್ಕಿಗೆ ಮುಖ ಮಾಡಿ ಇಳಿಯುತ್ತದೆ. ಗಾಳಿ 220 ಡಿಗ್ರಿಯಿಂದ 20 ನಾಟ್ ಎಂದರೆ ಕೋನ 40 ಡಿಗ್ರಿ; ಅಡ್ಡಗಾಳಿ ಸುಮಾರು 13 ನಾಟ್, ಎದುರು ಗಾಳಿ 15. ಅದೇ 20 ನಾಟ್ ಗಾಳಿ 200 ಡಿಗ್ರಿಗೆ ತಿರುಗಿದರೆ ಅಡ್ಡಗಾಳಿ 17ಕ್ಕೆ ಏರಿ, ಎದುರು ಗಾಳಿ 10ಕ್ಕೆ ಇಳಿಯುತ್ತದೆ. ಇದನ್ನು ಮನಸ್ಸಿನಲ್ಲೇ ಹಾಕುವ ಲೆಕ್ಕ ಹೀಗಿದೆ: ಕೋನ 30 ಆದರೆ ಗಾಳಿಯ ಅರ್ಧ ಭಾಗ ಅಡ್ಡ, 45 ಆದರೆ ಹತ್ತರಲ್ಲಿ ಏಳು ಭಾಗ, 60 ದಾಟಿದರೆ ಹೆಚ್ಚುಕಡಿಮೆ ಪೂರ್ತಿ. ಬಂದ ಸಂಖ್ಯೆಯನ್ನು ಮಿತಿಯೊಂದಿಗೆ ಹೋಲಿಸುತ್ತಾರೆ. ಏರ್‌ಬಸ್ ಎ320 ಪರೀಕ್ಷಾ ಹಾರಾಟದಲ್ಲಿ ಇಳಿದು ತೋರಿಸಿದ ಅಡ್ಡಗಾಳಿ ಗಸ್ಟ್ ಸೇರಿ 38 ನಾಟ್. ಆದರೆ ಕಂಪನಿಗಳು ತಮ್ಮದೇ ಮಿತಿ ಹಾಕಿಕೊಂಡಿರುತ್ತವೆ, ರನ್‌ವೇ ಒದ್ದೆಯಾಗಿದ್ದರೆ ಅದು ಇನ್ನೂ ಕೆಳಗಿರುತ್ತದೆ. ಇಳಿಯುವ ವೇಗಕ್ಕೂ ಗಾಳಿ ಬೇಕು. ಎ320ರಲ್ಲಿ ನಿಲ್ದಾಣದ ಗಾಳಿಯನ್ನು ಪೈಲಟ್ ಟೈಪ್ ಮಾಡಿ ಕೊಟ್ಟರೆ ಕಂಪ್ಯೂಟರ್ ವೇಗ ಹೊಂದಿಸಿಕೊಳ್ಳುತ್ತದೆ. ಅದೆಲ್ಲ ಮೊದಲೇ ಮುಗಿಯುವ ಕೆಲಸ. ಐನೂರು ಅಡಿಯಲ್ಲಿ ಯಾರೂ ಟೈಪ್ ಮಾಡುತ್ತ ಕೂರುವುದಿಲ್ಲ. ಆ ಎತ್ತರದಲ್ಲಿ ಕೇಳಿದ ವಿಂಡ್ ಚೆಕ್‌ಗೆ ಉತ್ತರ ಎರಡೇ: ಮುಂದುವರಿಯುವುದು ಅಥವಾ ಬಿಡುವುದು.

ಅಡ್ಡಗಾಳಿಯ ವಿಡಿಯೊಗಳು ನೋಡಲು ರೋಚಕ, ಆದರೆ ನನಗೆ ಹೆಚ್ಚು ಅಂಜಿಕೆ ಹುಟ್ಟಿಸುವುದು ಹಿಂಗಾಳಿ. ಬಹುತೇಕ ಪ್ರಯಾಣಿಕ ವಿಮಾನಗಳಿಗೆ ಅದರ ಮಿತಿ 10 ಅಥವಾ 15 ನಾಟ್ ಮಾತ್ರ. 130 ನಾಟ್ ವೇಗದಲ್ಲಿ ಇಳಿಯುವ ವಿಮಾನ 10 ನಾಟ್ ಎದುರು ಗಾಳಿಯಲ್ಲಿ ನೆಲವನ್ನು 120ರಲ್ಲಿ ಮುಟ್ಟುತ್ತದೆ, 10 ನಾಟ್ ಹಿಂಗಾಳಿಯಲ್ಲಿ 140ರಲ್ಲಿ. ಬ್ರೇಕ್ ಹೀರಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ, ಈ ಎರಡರ ನಡುವೆ ಮೂರನೇ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬೀಳುತ್ತದೆ. 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಬೋಯಿಂಗ್ 737 ವಿಮಾನ ಮೊದಲು ಒಂದು ಕಡೆಯಿಂದ ಪ್ರಯತ್ನಿಸಿ, ಬಿಟ್ಟು, ಮಳೆಯಲ್ಲಿ ಇನ್ನೊಂದು ಕಡೆಯಿಂದ ಇಳಿಯಿತು. ತನಿಖಾ ವರದಿಯ ಪ್ರಕಾರ ಹಿಂಗಾಳಿ 14 ನಾಟ್ ಇತ್ತು, 8,858 ಅಡಿ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 4,438 ಅಡಿ ದಾಟಿದ ಮೇಲೆ. 21 ಜನ ಸತ್ತರು. ಹಿಂಗಾಳಿಯೊಂದನ್ನೇ ಅದಕ್ಕೆ ಹೊಣೆ ಮಾಡುವಂತಿಲ್ಲ. ಅಷ್ಟು ಮುಂದೆ ಹೋದ ಮೇಲೂ ಮೇಲೇಳದೆ ಇಳಿದದ್ದು ದೊಡ್ಡ ದೋಷ.

ವಿಂಡ್ ಚೆಕ್ ಎಲ್ಲವನ್ನೂ ಹಿಡಿಯುತ್ತದೆ ಎಂದು ಮಾತ್ರ ತಿಳಿಯಬೇಡಿ. ಗುಡುಗು ಮೋಡದಿಂದ ಗಾಳಿ ಕಂಬದಂತೆ ಕೆಳಕ್ಕೆ ಬಿದ್ದು ಸುತ್ತಲೂ ಹರಡುವ ಮೈಕ್ರೋಬರ್ಸ್ಟ್ ಕೆಲವೇ ನಿಮಿಷ ಇರುತ್ತದೆ, ಕೆಲವೇ ಕಿಲೋಮೀಟರ್ ವ್ಯಾಪಿಸುತ್ತದೆ. ಗಾಳಿಮಾಪಕದ ಕಂಬ ಶಾಂತವಾಗಿದ್ದಾಗಲೇ ರನ್‌ವೇಯ ಹೊರಗೆ ಅದು ಬಡಿಯಬಹುದು. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್-ಫೋರ್ಟ್‌ವರ್ತ್‌ನಲ್ಲಿ ದೊಡ್ಡ ವಿಮಾನವೊಂದು ರನ್‌ವೇ ತಲುಪುವ ಮೊದಲೇ ನೆಲಕ್ಕೆ ಬಿದ್ದದ್ದು ಹೀಗೆಯೇ. ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮಲ್ಲಿ ಮಳೆಗೆ ಮುಂಚೆ ಧೂಳೆಬ್ಬಿಸಿ ನುಗ್ಗುವ ಗಾಳಿಯೂ ಇಂಥ ಮೋಡದಿಂದಲೇ ಹೊರಬಿದ್ದದ್ದು. ಅಂಥ ಮೋಡ ಕಂಡರೆ ಮಾದರಿ ವಿಮಾನವನ್ನು ಪೆಟ್ಟಿಗೆಯಿಂದ ತೆಗೆಯಲೇಬೇಡಿ.

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಇದೆ. ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ರನ್‌ವೇಯಲ್ಲಿ 2024ರ ಜೂನ್ 23ರಂದು ಇಸ್ರೊದ ಪುಷ್ಪಕ್ ಎಂಬ ರೆಕ್ಕೆಯಿರುವ ಮರುಬಳಕೆಯ ಬಾಹ್ಯಾಕಾಶ ವಾಹನದ ಮಾದರಿ ಮೂರನೇ ಬಾರಿ ಇಳಿಯಿತು. ಚಿನೂಕ್ ಹೆಲಿಕಾಪ್ಟರ್ 4.5 ಕಿಲೋಮೀಟರ್ ಎತ್ತರದಲ್ಲಿ ಅದನ್ನು ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿತ್ತು. ಗಾಳಿ ಹಿಂದಿನ ಸಲಕ್ಕಿಂತ ಜೋರಾಗಿತ್ತೆಂದು ಇಸ್ರೊ ಹೇಳಿತು. ಆ ಇಳಿತಕ್ಕೆ ಎಂಜಿನ್ ಬಲವಿಲ್ಲ, ಆದ್ದರಿಂದ ಮತ್ತೊಂದು ಸುತ್ತು ಹಾಕುವ ಅವಕಾಶವೂ ಇಲ್ಲ. ಪ್ರಯಾಣಿಕ ವಿಮಾನದ ಪೈಲಟ್ ಐನೂರು ಅಡಿಯಲ್ಲೂ ಕೈಬಿಡಬಲ್ಲದ್ದನ್ನು, ಅಲ್ಲಿ ಹೆಲಿಕಾಪ್ಟರಿನಿಂದ ಬಿಡುವ ಮೊದಲೇ ನಿರ್ಧರಿಸಬೇಕು.

ನಮ್ಮ ರೇಡಿಯೊ ವಿಮಾನಗಳ ವಿಷಯಕ್ಕೆ ಬಂದರೆ, ಟವರಿನ ಕೆಲಸವನ್ನು ಪಕ್ಕದಲ್ಲಿ ನಿಂತ ಗೆಳೆಯನಿಗೆ ಒಪ್ಪಿಸಿ. ಉದ್ದನೆಯ ಬಿದಿರಿನ ತುದಿಗೆ ತೆಳು ಬಟ್ಟೆಯ ಪಟ್ಟಿ ಕಟ್ಟಿ, ವಿಮಾನ ಇಳಿಯುವ ಜಾಗದ ಹತ್ತಿರವೇ ನೆಡಿ. ಶೆಡ್ಡಿನ ಅಥವಾ ಹುಣಸೆ ಮರದ ಮರೆಯಲ್ಲಿ ನೆಟ್ಟ ಪಟ್ಟಿ ಸುಳ್ಳು ಹೇಳುತ್ತದೆ. ದಾವಣಗೆರೆ ಸುತ್ತಲಿನ ಬಯಲು ಗದ್ದೆಗಳಲ್ಲಿ ಒಂದು ಪಟ್ಟಿ ಸಾಕು, ಚಿತ್ರದುರ್ಗದಲ್ಲಿ ಗುಡ್ಡದ ಗಾಳಿಮರೆಯ ಬದಿಗೆ ಹಾರಿಸುವವರು ಎರಡೂ ತುದಿಗೆ ನೆಡಬೇಕು, ಏಕೆಂದರೆ ಅಲ್ಲಿ ಗಾಳಿ ಸುಳಿಯಾಗಿ ತಿರುಗಿ ಒಂದು ತುದಿಯಲ್ಲಿ ಉಲ್ಟಾ ಬೀಸುವುದುಂಟು. ಒಮ್ಮೆ ನೋಡಿ ಸುಮ್ಮನಾಗದೆ ಎರಡು ನಿಮಿಷ ನೋಡಿ, ಅತಿ ಹೆಚ್ಚು ಬೀಸಿದ್ದನ್ನು ನೆನಪಿಡಿ. ಕೊನೆಯ ತಿರುವು ಮುಗಿದೊಡನೆ ‘ಗಾಳಿ?’ ಎಂದು ಕೇಳಿ, ಗೆಳೆಯ ದಿಕ್ಕು ಮತ್ತು ಜೋರನ್ನಷ್ಟೇ ಹೇಳಲಿ.

ಗಾಳಿ ಬೆನ್ನಿಗಿರುವಾಗ ಮಾದರಿ ವಿಮಾನ ಕಣ್ಣಿಗೆ ವೇಗವಾಗಿ ಹೋದಂತೆ ಕಾಣುತ್ತದೆ. ಅದನ್ನು ನೋಡಿ ಥ್ರಾಟಲ್ ಇಳಿಸಿದರೆ ರೆಕ್ಕೆಗೆ ಬೇಕಾದ ಗಾಳಿ ಸಿಗದೆ, ತಿರುವಿನಲ್ಲೇ ವಿಮಾನ ಮಗುಚಿ ಬೀಳುತ್ತದೆ. ಕೈಗಾಳಿಮಾಪಕ ಕೊಳ್ಳುವವರಿಗೆ ಒಂದು ಸೂಚನೆ: ಅವು ಹೆಚ್ಚಾಗಿ ಸೆಕೆಂಡಿಗೆ ಎಷ್ಟು ಮೀಟರ್ ಎಂದು ತೋರಿಸುತ್ತವೆ. ಅದನ್ನು ಎರಡರಿಂದ ಗುಣಿಸಿದರೆ ವಿಡಿಯೊದಲ್ಲಿ ಕೇಳುವ ನಾಟ್ ಲೆಕ್ಕ ಸುಮಾರಾಗಿ ಸಿಗುತ್ತದೆ.