ರಬ್ಬರ್ ಬೀಡಿಂಗ್ ಮೇಲೆ ಒಣಗಿದ ಪಾಲಿಶ್ ತೆಗೆಯುವುದು ಹೇಗೆ?

ಪ್ರಶ್ನೆ: ಹೋದ ವಾರ ಕಾರಿಗೆ ನಾನೇ ವ್ಯಾಕ್ಸ್ ಪಾಲಿಶ್ ಹಾಕಿದೆ. ಬಣ್ಣವೇನೋ ಚೆನ್ನಾಗಿ ಹೊಳೆಯುತ್ತಿದೆ. ಆದರೆ ಕಿಟಕಿಯ ಅಂಚಿನ ಕಪ್ಪು ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಮತ್ತು ಬಂಪರಿನ ಕಪ್ಪು ಪಟ್ಟಿಯ ಮೇಲೆ ಬಿಳಿ ಕಲೆ ಉಳಿದಿದೆ. ಎರಡು ಸಲ ಶಾಂಪೂ ಹಾಕಿ ತೊಳೆದೆ. ಒದ್ದೆ ಇದ್ದಾಗ ಕಾಣುವುದಿಲ್ಲ, ಒಣಗಿದರೆ ಮತ್ತೆ ಹಾಜರ್. ಪೆಟ್ರೋಲ್ ಹಾಕಿ ಒರೆಸಿದರೆ ಹೋಗುತ್ತೆ ಅಂತಾರೆ. ಒರೆಸಬಹುದೇ?

ಉತ್ತರ: ದಯವಿಟ್ಟು ಪೆಟ್ರೋಲ್ ಬೇಡ. ಸೀಮೆಎಣ್ಣೆ, ಥಿನ್ನರ್ ಕೂಡ ಬೇಡ. ಬಾಗಿಲು, ಕಿಟಕಿಗಳ ಬೀಡಿಂಗ್ ಹೆಚ್ಚಾಗಿ ಇಪಿಡಿಎಂ ಅನ್ನೋ ರಬ್ಬರಿನದು. ಬಿಸಿಲು ಮಳೆಯನ್ನು ಅದು ವರ್ಷಗಟ್ಟಲೆ ತಡೆದುಕೊಳ್ಳುತ್ತದೆ. ಆದರೆ ಪೆಟ್ರೋಲ್ ತಾಗಿದರೆ ಹೀರಿಕೊಂಡು ಊದುತ್ತದೆ. ಪದೇ ಪದೇ ಹಾಕಿದರೆ ಅದರ ಬಿಗಿಯೇ ಹೋಗುತ್ತದೆ. ಬೆಂಕಿಯ ಭಯ ಬೇರೆ.

ಬಂಪರ್ ಪಟ್ಟಿಯನ್ನು ತೀರಾ ಹತ್ತಿರದಿಂದ ನೋಡಿ. ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಎಷ್ಟೋ ಪಾಲಿಶ್‌ಗಳಲ್ಲಿ ಮೇಣದ ಜೊತೆಗೆ ಉಜ್ಜುವ ನುಣ್ಣನೆ ಪುಡಿಯೂ ಇರುತ್ತದೆ. ದ್ರವ ಆರಿಹೋದ ಮೇಲೆ ಮೇಣ, ಪುಡಿ ಎರಡೂ ಆ ಗುಳಿಗಳಲ್ಲಿ ಕೂತುಬಿಡುತ್ತವೆ. ಮೇಣಕ್ಕೆ ನೀರು ಹಿಡಿಯುವುದಿಲ್ಲ, ಬಟ್ಟೆ ಗುಳಿಯ ತಳ ಮುಟ್ಟುವುದಿಲ್ಲ. ನಿಮ್ಮ ಶಾಂಪೂ ಸೋತದ್ದು ಅದಕ್ಕೇ.

ಹಾಗಾಗಿ ಮೊದಲು ಮೇಣವನ್ನು ಮೆತ್ತಗೆ ಮಾಡಬೇಕು. ಕಾರು ನೆರಳಲ್ಲಿರಲಿ. ಹೇರ್ ಡ್ರೈಯರನ್ನು ಒಂದು ಗೇಣು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಿ. ಎಷ್ಟೋ ಪಾಲಿಶ್‌ಗಳಲ್ಲಿರುವ ಕಾರ್ನೌಬಾ ಅನ್ನೋ ಗಟ್ಟಿ ಮೇಣ ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಶಾಖ ಬೇಕು. ಅಷ್ಟು ಕಾಯಿಸಲು ಹೋಗಬೇಡಿ. ಅಂಗೈ ಇಟ್ಟರೆ ಬೆಚ್ಚಗೆ ಅನ್ನಿಸಿದರೆ ಸಾಕು. ತಕ್ಷಣ ಹಳೆಯ ಟೂತ್‌ಬ್ರಷ್‌ಗೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿಕೊಂಡು ಸಣ್ಣ ಸುತ್ತಿನಲ್ಲಿ ತಿಕ್ಕಿ. ಬ್ರಷ್ ಮೃದುವಾಗಿರಲಿ. ನೊರೆ ಹಾಲಿನಂತೆ ಬೆಳ್ಳಗಾದರೆ ಪುಡಿ ಮೇಲೆ ಬರ್ತಿದೆ ಅಂತ ಅರ್ಥ. ಆ ನೊರೆ ಒಣಗಲು ಬಿಡಬೇಡಿ, ಬಿಟ್ಟರೆ ಮತ್ತೆ ಅಲ್ಲೇ ಕೂರುತ್ತದೆ. ಕೂಡಲೇ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಒಮ್ಮೆಗೆ ಒಂದು ಅಡಿ ಜಾಗ ಸಾಕು.

ನುಣುಪಾದ ಬೀಡಿಂಗ್‌ಗೆ ಇಷ್ಟು ಶ್ರಮ ಬೇಕಿಲ್ಲ. ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರಿನಿಂದ ಉಜ್ಜಿದರೆ ಕಲೆ ಎಷ್ಟೋ ಸಲ ಹಾಗೇ ಎದ್ದು ಬರುತ್ತದೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು.

ಇಷ್ಟಕ್ಕೂ ಜಗ್ಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಗೆ ಹಾಕಿ ಒರೆಸಿ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ. ಬೆಂಕಿ, ಹೇರ್ ಡ್ರೈಯರ್ ಹತ್ತಿರ ಇರಬಾರದು. ಪೀನಟ್ ಬಟರ್ ಹಚ್ಚಿ ಅಂತಲೂ ಕೆಲವರು ಹೇಳುತ್ತಾರೆ. ಅದರ ಎಣ್ಣೆ ಮೇಣವನ್ನು ಬಿಡಿಸುವುದು ನಿಜ. ಆದರೆ ಆಮೇಲೆ ಆ ಜಿಡ್ಡು ತೆಗೆಯುವುದೇ ಇನ್ನೊಂದು ಕೆಲಸ, ಅಲ್ವಾ? ರಬ್ಬರ್, ಪ್ಲಾಸ್ಟಿಕ್‌ಗೆ ಹಚ್ಚಿ ಕಪ್ಪು ಮಾಡುವ ಡ್ರೆಸ್ಸಿಂಗ್ ಅನ್ನೋ ಲೇಪ ಕಲೆಯನ್ನು ಮುಚ್ಚುತ್ತದೆ ಅಷ್ಟೇ. ಕಲೆ ಪೂರ್ತಿ ಹೋದ ಮೇಲೆ ಬೇಕಿದ್ದರೆ ಹಚ್ಚಿ.

ಇನ್ನು ಮುಂದೆ ಪಾಲಿಶ್ ಡಬ್ಬಿ ತೆರೆಯುವ ಮುಂಚೆ ಬೀಡಿಂಗ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚನ್ನು ಉಗುರಿನಿಂದ ಒತ್ತಿ. ಪಾಲಿಶ್ ಒರೆಸಿ ಮುಗಿಸಿದ ಮೇಲೆಯೇ ಟೇಪ್ ಕೀಳಿ.